ನಲವತ್ತೊಂದನೇ ನಂಬರಿನ ಗಿಡ

ನನ್ನನ್ನು ಎಲ್ಲರೂ ಬಿಲ್ಲೆ ಅಕ್ಕ ಎಂದು ಕರೆಯುತ್ತಾರೆ. ಆ ಹೆಸರಿಟ್ಟವನು ನನ್ನ ಸ್ವಂತ ಅಣ್ಣ, ಈ ನರ್ಸರಿಯ ಯಜಮಾನ. ಅವನಿಗೆ ಗಿಡ ಬೆಳೆಸುವುದು ಗೊತ್ತು. ಆದರೆ ಯಾವ ಗಿಡ ಯಾರದು ಎಂದು ಬೆಳಿಗ್ಗೆ ಹೇಳಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮರೆತುಬಿಡುತ್ತಾನೆ. ಹಾಗಾಗಿ ಆ ಕೆಲಸ ನನ್ನ ತಲೆಗೆ ಬಂತು. ಹದಿನಾರು ವರ್ಷದಿಂದ ಮಾಡುತ್ತಿದ್ದೇನೆ. ಒಂದು ಸಲವೂ ತಪ್ಪಿಲ್ಲ ಎಂದು ಎದುರಿಗೆ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಆ ಜಂಬ ಈಗಿಲ್ಲ.

ನಮ್ಮಲ್ಲಿ ಕ್ರಿಸ್ಮಸ್ ಗಿಡ ಕಡಿದು ಮಾರುವ ಪದ್ಧತಿಯಿಲ್ಲ. ಗಿಡಗಳು ಕುಂಡದಲ್ಲೇ ಬದುಕುತ್ತವೆ. ಒಂದು ಮನೆಯವರು ಬಂದು ಸಾಲಿನಲ್ಲಿ ನಡೆದು, ಅದು ಬೇಡ ಇದು ಬೇಡ ಎಂದು ಜಗಳವಾಡಿ, ಕೊನೆಗೊಂದನ್ನು ಆರಿಸುತ್ತಾರೆ. ನಾನು ಅದರ ಕೊಂಬೆಗೆ ನಂಬರು ಕೊರೆದ ತಗಡಿನ ಬಿಲ್ಲೆಯೊಂದನ್ನು ತಂತಿಯಿಂದ ಕಟ್ಟುತ್ತೇನೆ. ಡಿಸೆಂಬರಿನಲ್ಲಿ ಗಿಡ ಅವರ ಮನೆಗೆ ಹೋಗಿ ಮೂರು ವಾರ ದೀಪ ಹಚ್ಚಿಸಿಕೊಂಡು ನಿಲ್ಲುತ್ತದೆ. ಜನವರಿಯಲ್ಲಿ ನಮ್ಮಲ್ಲಿಗೆ ವಾಪಸು ಬರುತ್ತದೆ. ವರ್ಷವಿಡೀ ನೀರು, ಗೊಬ್ಬರ ನಮ್ಮದು. ಮರುವರ್ಷ ಅದೇ ಮನೆಗೆ ಅದೇ ಗಿಡ. ನಡುವೆ ಬಂದು ಮಾತಾಡಿಸಿಕೊಂಡು ಹೋಗುವವರೂ ಇದ್ದಾರೆ, ಗಿಡವನ್ನು, ನನ್ನನ್ನಲ್ಲ.

ನಲವತ್ತೊಂದನೇ ನಂಬರು ಟೀಚರಮ್ಮನ ಮನೆಯದು. ಆರಿಸಿದ್ದು ಅವರ ಮಗ. ಆಗ ಅವನಿಗೆ ಹತ್ತು ವರ್ಷ, ಗಿಡ ಅವನ ಸೊಂಟದಷ್ಟಿತ್ತು. ಎರಡನೇ ವರ್ಷ ವಾಪಸು ತರುವಾಗ ಕಾರಿನ ಬಾಗಿಲಿಗೆ ಸಿಕ್ಕಿ ಕೆಳಗಿನ ಒಂದು ಕೊಂಬೆ ಸೀಳಿತು. ಹುಡುಗ ಅಂದು ಅತ್ತ ಪರಿ ನನಗಿನ್ನೂ ನೆನಪಿದೆ. ಕತ್ತರಿಸಿ ಬಿಡೋಣ ಎಂದ ನನ್ನಣ್ಣನ ಕೈ ತಳ್ಳಿ, ಐಸ್‌ಕ್ರೀಮ್ ಕಡ್ಡಿಯೊಂದನ್ನು ಕೊಂಬೆಗೆ ಆನಿಸಿ, ನೀಲಿ ದಾರ ಸುತ್ತಿ ಕಟ್ಟಿದ. ಕೊಂಬೆ ಬದುಕಿತು. ಕಡ್ಡಿಯನ್ನು ತೊಗಟೆ ಅರ್ಧ ನುಂಗಿ ಗಂಟಾಯಿತು. ಅಂದಿನಿಂದ ನಾವು ಅವನನ್ನು ಡಾಕ್ಟ್ರು ಎಂದೇ ಕರೆಯುವುದು.

ಈಗ ಹತ್ತೊಂಬತ್ತು ತುಂಬಿದ ಆ ಡಾಕ್ಟ್ರು ಎರಡು ವರ್ಷದಿಂದ ಮನೆಯ ಹೊಸ್ತಿಲು ದಾಟಿರಲಿಲ್ಲ. ಮನೆಯದಿರಲಿ, ತನ್ನ ಕೋಣೆಯದನ್ನೂ ಸರಿಯಾಗಿ ದಾಟಿರಲಿಲ್ಲ. ಯಾಕೆ ಎಂದು ಜನ ನೂರು ಮಾತಾಡುತ್ತಾರೆ. ಟೀಚರಮ್ಮ ಮಾತ್ರ ತನಗೆ ಗೊತ್ತಿಲ್ಲ ಎನ್ನುತ್ತಾರೆ, ನಾನು ಅವರನ್ನು ನಂಬುತ್ತೇನೆ. ಊಟದ ತಟ್ಟೆ ಬಾಗಿಲ ಬಳಿ ಇಡುವುದು, ಖಾಲಿ ತಟ್ಟೆ ತೆಗೆದುಕೊಳ್ಳುವುದು, ಅಷ್ಟೇ. ಡಾಕ್ಟರು, ನಿಜವಾದ ಡಾಕ್ಟರು, ಎರಡು ಸಲ ಬಂದು ಬಾಗಿಲಿನ ಜೊತೆ ಮಾತಾಡಿ ಹೋದರು. ಹೋದ ವರ್ಷ ಗಿಡವನ್ನು ನಾನೇ ತೆಗೆದುಕೊಂಡು ಹೋಗಿ ಅವರ ಹಾಲ್‌ನಲ್ಲಿ ಇಟ್ಟು ಬಂದೆ. ಕುಂಡದ ಮಣ್ಣು ದಿನವೂ ಬೆಳಿಗ್ಗೆ ಒದ್ದೆಯಾಗಿರುತ್ತಿತ್ತಂತೆ. ಟೀಚರಮ್ಮ ನೀರು ಹಾಕಿದ್ದಲ್ಲ.

ಈ ವರ್ಷ ಒಂದು ಗುರುವಾರ ಟೀಚರಮ್ಮನ ಫೋನು ಬಂತು.

"ಬಾಗಿಲ ಕೆಳಗಿಂದ ಚೀಟಿ ತಳ್ಳಿದಾನಮ್ಮ. 'ಈ ಸಲ ಗಿಡ ತರೋಕೆ ನಾನೂ ಬರ್ತೀನಿ' ಅಂತ ಬರೆದಿದಾನೆ. ಶನಿವಾರ ಹನ್ನೊಂದಕ್ಕೆ ಬರ್ತೀವಿ. ಗಿಡ ಚೆನ್ನಾಗಿದೆ ತಾನೇ?"

"ಅದಕ್ಕೇನು ಟೀಚರಮ್ಮ, ರಾಜನ ಹಾಗಿದೆ" ಎಂದೆ.

ರಾಜನನ್ನು ತೊಳೆದು ಸಿಂಗರಿಸೋಣ ಎಂದು ಪೈಪು ಹಿಡಿದು ಮೊದಲ ಸಾಲಿಗೆ ಹೋದೆ. ನಲವತ್ತೊಂದರ ಬಿಲ್ಲೆಯಿದ್ದ ಗಿಡದ ಮುಂದೆ ಮೊಣಕಾಲೂರಿ ಕೆಳಗಿನ ಕೊಂಬೆಗಳನ್ನು ಎತ್ತಿ ನೋಡಿದೆ. ಕಡ್ಡಿಯಿಲ್ಲ. ಈ ಕಡೆ ನೋಡಿದೆ, ಆ ಕಡೆ ನೋಡಿದೆ. ಗಂಟಿಲ್ಲ, ದಾರವಿಲ್ಲ. ನುಣ್ಣನೆ ಕೊಂಬೆಗಳು. ಪೈಪಿನ ನೀರು ನನ್ನ ಚಪ್ಪಲಿಯೊಳಗೆ ಹರಿಯುತ್ತಿದ್ದುದು ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು.

ಆಮೇಲೆ ನೆನಪಾಯಿತು. ಬೇಸಿಗೆಯಲ್ಲಿ ಒಂದು ದಿನ ಮೂರು ಗಿಡಗಳ ಕೊಂಬೆ ದಪ್ಪಗಾಗಿ ಬಿಲ್ಲೆಯ ತಂತಿ ತೊಗಟೆಗೆ ಕಚ್ಚಿಕೊಂಡಿತ್ತು. ಹಾಗೇ ಬಿಟ್ಟರೆ ಕೊಂಬೆ ಒಣಗುತ್ತದೆ. ಪಾಪ, ನೋವಾಗುತ್ತಿರಬಹುದು ಎಂದುಕೊಂಡು ಮೂರರ ತಂತಿಯನ್ನೂ ಬಿಚ್ಚಿ ಬಿಲ್ಲೆಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ನೀರಿನ ಮೋಟಾರು ಕೆಟ್ಟಿತೆಂದು ಅಣ್ಣ ಕೂಗಿದ. ಹೋದೆ, ಬಂದೆ, ಹೊಸ ತಂತಿ ಹಾಕಿ ಮೂರನ್ನೂ ಕಟ್ಟಿದೆ. ಯಾವುದನ್ನು ಯಾವುದಕ್ಕೆ? ಹದಿನಾರು ವರ್ಷದ ಅನುಭವ ಅಲ್ಲವೇ, ಕಣ್ಣಂದಾಜಿನಲ್ಲೇ ಕಟ್ಟಿದೆ. ಬಗ್ಗಿ ಕಡ್ಡಿ ನೋಡುವ ಕಷ್ಟ ತೆಗೆದುಕೊಳ್ಳಲಿಲ್ಲ. ಸೊಕ್ಕು ಎಂದರೆ ಇದು.

ಹದಿನೇಳು, ನಲವತ್ತೊಂದು, ಅರವತ್ಮೂರು. ಮೂರೂ ಒಂದೇ ಎತ್ತರದವು. ಹದಿನೇಳು ಮತ್ತು ಅರವತ್ಮೂರು ಹಿಂದಿನ ವಾರವೇ ಅವರವರ ಮನೆ ಸೇರಿದ್ದವು. ಅರವತ್ಮೂರು ಅವಳಿ ಮಕ್ಕಳ ತಾಯಿಯ ಮನೆಯದು. ಶುಕ್ರವಾರ ಬೆಳಿಗ್ಗೆ ಅಣ್ಣನ ಗಾಡಿಯಲ್ಲಿ ಓಡಿದೆ. ಆಕೆ ಬಾಗಿಲು ತೆರೆದಾಗ ನಾನು ನಮಸ್ಕಾರವನ್ನೂ ಹೇಳದೆ ಒಳಗೆ ನುಗ್ಗಿ ಗಿಡದ ಕೆಳಗೆ ಅಂಗಾತ ಮಲಗಿದೆ. ಅವಳಿಗಳಿಬ್ಬರೂ ಬಂದು ನನ್ನ ಅಕ್ಕಪಕ್ಕ ಮಲಗಿ ನಾನು ನೋಡುತ್ತಿದ್ದ ಕಡೆಯೇ ನೋಡಿದರು. ಅಲ್ಲಿ ಬಣ್ಣದ ದೀಪಗಳಿದ್ದವು. ಕಡ್ಡಿ ಇರಲಿಲ್ಲ.

ಉಳಿದದ್ದು ಹದಿನೇಳು. ಅದು ಕನ್ನಡಕದ ಅಂಗಡಿಯವರದು. ಫೋನು ಮಾಡಿದರೆ ಅಂಗಡಿಯ ಹುಡುಗಿ ಎತ್ತಿದಳು.

"ಕಣ್ಣು ಪರೀಕ್ಷೆಗಾ ಮೇಡಂ?"

"ಮಾಡಿಸ್ಬೇಕಾಗಿದೆ, ಆದ್ರೆ ಈಗ ಅದಕ್ಕಲ್ಲ. ನಿಮ್ಮ ಗಿಡ ಎಲ್ಲಿದೆ?"

ಗಿಡ ಯಜಮಾನರ ಮನೆಯಲ್ಲಿತ್ತು. ಮನೆಗೆ ಬೀಗ. ಯಜಮಾನರು ಮದುವೆಯೊಂದಕ್ಕೆ ಹೋಗಿದ್ದರು, ಬರುವುದು ಶನಿವಾರ ಸಂಜೆಗೆ. ಅವರ ಫೋನಿಗೆ ಒಂಬತ್ತು ಸಲ ಮಾಡಿದೆ. ಮದುವೆಮನೆಯ ಗಲಾಟೆಯಲ್ಲಿ ಯಾರಿಗೆ ಕೇಳಿಸುತ್ತದೆ? ಇದಲ್ಲದೆ ಇನ್ನೊಂದು ಹೆದರಿಕೆ ಶುರುವಾಯಿತು. ಅಂದು ಬಿಚ್ಚಿದ್ದು ಮೂರೇ ಬಿಲ್ಲೆಗಳೇ, ನಾಲ್ಕೇ? ಒಮ್ಮೆ ನಂಬಿಕೆ ಹೋದ ಮೇಲೆ ನನ್ನ ನೆನಪು ಏನು ಹೇಳಿದರೂ ಸುಳ್ಳೆನ್ನಿಸತೊಡಗಿತು. ನರ್ಸರಿಯ ಗಿಡಗಳನ್ನೆಲ್ಲ ಒಂದು ಸುತ್ತು ಅವಸರದಲ್ಲಿ ಬಗ್ಗಿ ನೋಡಿದೆ. ಸೊಂಟ ಹಿಡಿಯಿತು, ಕಡ್ಡಿ ಸಿಗಲಿಲ್ಲ.

"ಅದಕ್ಯಾಕೆ ಇಷ್ಟು ಒದ್ದಾಡ್ತೀಯ?" ಎಂದ ಅಣ್ಣ. "ಎಲ್ಲಾ ಹಸಿರಾಗೇ ಇರೋದು. ಒಂದು ಕಡ್ಡಿ ಕಟ್ಟಿಬಿಡು."

ಬೇರೆ ದಿನವಾಗಿದ್ದರೆ ನಾಲ್ಕು ಮಾತು ಆಡುತ್ತಿದ್ದೆ. ಅಂದು ಸುಮ್ಮನೆ ಎದ್ದು ಅಂಗಡಿಗೆ ಹೋಗಿ ಐಸ್‌ಕ್ರೀಮ್ ಕೊಂಡೆ. ಆ ಚಳಿಯಲ್ಲಿ ರಸ್ತೆ ಬದಿಯಲ್ಲಿ ನಿಂತು ತಿಂದೆ. ಹಲ್ಲು ಜುಮ್ಮೆನ್ನುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಐವತ್ತು ದಾಟಿದ ಹೆಂಗಸು ಅಳುತ್ತಾ ಐಸ್‌ಕ್ರೀಮ್ ತಿನ್ನುವುದನ್ನು ಕಂಡು ಅಂಗಡಿಯವನು ಇನ್ನೊಂದು ಬೇಕಾ ಎಂದು ಕೇಳಿದ. ಕಡ್ಡಿಯನ್ನು ಟೀಯಲ್ಲಿ ನೆನೆಸಿ ಹಳೆಯದು ಮಾಡಿದೆ. ನೀಲಿ ದಾರಕ್ಕೆ ಮಣ್ಣು ತಿಕ್ಕಿದೆ. ನಲವತ್ತೊಂದರ ಬಿಲ್ಲೆಯ ಗಿಡಕ್ಕೆ, ಅದೇ ಜಾಗದಲ್ಲಿ, ಬಿಗಿಯಾಗಿ ಕಟ್ಟಿದೆ. ನಿಜ ಹೇಳಿಬಿಡಬಹುದಿತ್ತು. ಆದರೆ ಆ ಹುಡುಗ ಎರಡು ವರ್ಷದ ಮೇಲೆ ಹೊರಗೆ ಬರುತ್ತಿರುವುದು ಒಂದು ಗಿಡಕ್ಕಾಗಿ, ಆ ಗಿಡವನ್ನು ನಾನು ಕಳೆದಿದ್ದೇನೆ ಎಂದು ಅವನ ತಾಯಿಗೆ ಯಾವ ಬಾಯಲ್ಲಿ ಹೇಳಲಿ? ಹೇಳಿದರೆ ಅವನು ಬರುವುದೇ ಇಲ್ಲ. ಹೇಳದಿದ್ದರೆ ಬಂದು ನೋಡಿ ವಾಪಸು ಹೋಗಿ ಇನ್ನೆಂದೂ ಬರುವುದಿಲ್ಲ. ಎತ್ತ ತಿರುಗಿದರೂ ಗೋಡೆ.

ಶನಿವಾರ ನರ್ಸರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಬ್ಬದ ಹಿಂದಿನ ವಾರ ಯಾವಾಗಲೂ ಹಾಗೇ. ಹೊಸದಾಗಿ ಮದುವೆಯಾದ ಜೋಡಿಯೊಂದು ಒಂದೇ ಗಿಡದ ಸುತ್ತ ಮುಕ್ಕಾಲು ಗಂಟೆಯಿಂದ ಸುತ್ತುತ್ತಿತ್ತು. ಅವಳಿಗೆ ಅದು ದಪ್ಪ, ಅವನಿಗೆ ಅದು ಕುಳ್ಳ. ಒಬ್ಬರು ಗಿಡದ ಪಕ್ಕ ನಿಂತು ತಮ್ಮ ಕೈಯೆತ್ತಿ ಮನೆಯ ಸೂರಿನ ಅಳತೆ ಹಿಡಿದಿದ್ದರು. ಕೆಂಪೆಲೆ ಗಿಡಗಳ ಮೇಜಿನ ಬಳಿ ಒಬ್ಬಾಕೆ, ಇದು ಹೂವೋ ಎಲೆಯೋ ಎಂದು ಮೂರನೇ ಸಲ ಕೇಳಿದರು. ಎಲೆ ಎಂದರೆ ನಂಬುವುದಿಲ್ಲ, ಹೂವು ಎಂದರೆ ಯಾಕೆ ಪರಿಮಳವಿಲ್ಲ ಎನ್ನುತ್ತಾರೆ. ನಾನು ಎಲ್ಲರಿಗೂ ಉತ್ತರ ಕೊಡುತ್ತಾ ಗೇಟಿನಲ್ಲೇ ಕಣ್ಣು ನೆಟ್ಟಿದ್ದೆ.

ಹನ್ನೊಂದು ಕಳೆಯಿತು. ಹನ್ನೆರಡಾಯಿತು. ಮಧ್ಯಾಹ್ನ ಎರಡಕ್ಕೆ ಟೀಚರಮ್ಮನ ಕಾರು ಬಂತು. ಚಪ್ಪಲಿ ಹಾಕಿಕೊಳ್ಳುವುದಕ್ಕೇ ಅವನಿಗೆ ಒಂದು ಗಂಟೆ ಹಿಡಿಯಿತಂತೆ. ಬಂದ ಮೇಲೂ ಕಾರಿನ ಬಾಗಿಲು ತೆರೆಯಲಿಲ್ಲ. ಟೀಚರಮ್ಮ ಇಳಿದು, ಅವನ ಕಡೆಯ ಬಾಗಿಲಿಗೆ ಕೈಹಾಕದೆ, ಸುಮ್ಮನೆ ಪಕ್ಕದಲ್ಲಿ ನಿಂತರು. ಇಪ್ಪತ್ತು ನಿಮಿಷ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಆಕೆಗೆ ಕಾಯುವುದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನಾನು ಉಗುರು ಕಚ್ಚಿಕೊಂಡು ಶೆಡ್ಡಿನ ಮರೆಯಲ್ಲಿ ನಿಂತಿದ್ದೆ.

ಕೊನೆಗೆ ಇಳಿದ. ಗುರುತೇ ಸಿಗದಷ್ಟು ಬಿಳಿಚಿಕೊಂಡಿದ್ದ. ಕೂದಲು ಭುಜಕ್ಕೆ ಬಂದಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಜನರನ್ನು ನೋಡಿ ಒಂದು ಹೆಜ್ಜೆ ಹಿಂದಿಟ್ಟ. ಆಮೇಲೆ ತಲೆ ತಗ್ಗಿಸಿ ನೇರ ಮೊದಲ ಸಾಲಿಗೆ ನಡೆದ. ದಾರಿ ಮರೆತಿರಲಿಲ್ಲ.

"ಬಂದ್ಯಾ ಡಾಕ್ಟ್ರೇ" ಎಂದೆ.

ಅವನು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಕೊಂಬೆ ಎತ್ತಿದ. ಕಡ್ಡಿಯ ಮೇಲೆ ಬೆರಳಾಡಿಸಿದ. ಬೆರಳನ್ನು ಮೂಗಿಗೆ ಹಿಡಿದ. ಟೀ ವಾಸನೆ ಬಂದಿರಬೇಕು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವನು ನಿಧಾನವಾಗಿ ನಾನು ಕಟ್ಟಿದ್ದ ದಾರ ಬಿಚ್ಚಿ ಕಡ್ಡಿಯನ್ನು ನನ್ನ ಕೈಗೆ ಕೊಟ್ಟ.

"ಬಿಗಿಯಾಯ್ತು. ಹೀಗೆ ಕಟ್ಟಿದ್ರೆ ಸಾಯುತ್ತೆ" ಎಂದ. "ಇದು ನನ್ನದಲ್ಲ."

ಎದ್ದು ಕಾರಿನ ಕಡೆ ತಿರುಗಿದ. ಟೀಚರಮ್ಮನ ಮುಖ ನೋಡಿದೆ. ಆ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಓಡಿ ಹೋಗಿ ಅವನಿಗೆ ಅಡ್ಡ ನಿಂತೆ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ತಂತಿ ಕಚ್ಚಿದ್ದು, ಬಿಲ್ಲೆ ಬಿಚ್ಚಿದ್ದು, ಮೋಟಾರು ಕೆಟ್ಟಿದ್ದು, ಐಸ್‌ಕ್ರೀಮ್ ತಿಂದದ್ದು, ಎಲ್ಲ.

"ತಪ್ಪು ನಂದು. ನಿನಗೆ ಮೋಸ ಮಾಡೋಕೆ ಹೋದೆ, ಅದೂ ನಂದೇ. ಕನ್ನಡಕದವರ ಮನೇಲಿ ಇರ್ಬಹುದು, ಇಲ್ಲೇ ಎಲ್ಲಾದ್ರೂ ಇರ್ಬಹುದು. ನನ್ನ ಕಣ್ಣನ್ನ ನಾನೇ ನಂಬ್ತಾ ಇಲ್ಲ. ಹೋಗ್ಬೇಡ ಕಣೋ. ದಮ್ಮಯ್ಯ."

ಅವನು ನನ್ನನ್ನು ನೋಡಲಿಲ್ಲ, ನೆಲ ನೋಡಿದ.

"ಇಲ್ಲಿ ಎಷ್ಟಿವೆ?"

"ನೂರ ನಲವತ್ತು."

ಕಾರನ್ನೊಮ್ಮೆ ನೋಡಿದ. "ಕೈಗವಸು ಇದ್ಯಾ?" ಎಂದ.

ನನ್ನದನ್ನೇ ಕಳಚಿ ಕೊಟ್ಟೆ. ಸೂಜಿಯೆಲೆ ಅಂಗಿಗೆ ಚುಚ್ಚದಿರಲಿ ಎಂದು ಹಸಿರು ಏಪ್ರನ್ನನ್ನೂ ಕೊಟ್ಟೆ. ಅವನು ಮೊದಲ ಸಾಲಿನ ಮೊದಲ ಗಿಡದ ಬಳಿ ಬಗ್ಗಿದ.

ಅವನು ಹುಡುಕುವುದನ್ನು ನೋಡಿದ ಮೇಲೆ ನಾನು ಹುಡುಕಿದ್ದು ಹುಡುಕಾಟವೇ ಅಲ್ಲ ಎನಿಸಿತು. ಒಂದೊಂದು ಕೊಂಬೆಯನ್ನೂ ಎತ್ತುತ್ತಿದ್ದ, ಕಾಂಡಕ್ಕೆ ಕೈಯಿಟ್ಟು ಕೆಳಗಿಂದ ಮೇಲಕ್ಕೆ ಸವರುತ್ತಿದ್ದ. ಜನ ಹತ್ತಿರ ಬಂದಾಗ ಗಿಡದ ಹಿಂದೆ ಮುಖ ಮರೆಸಿಕೊಂಡು ಉಸಿರು ಬಿಗಿಹಿಡಿಯುತ್ತಿದ್ದ, ಅವರು ಹೋದ ಮೇಲೆ ಮುಂದಿನದಕ್ಕೆ. ಎರಡು ಸಲ ಕಾರಿನವರೆಗೂ ಹೋದ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತ. ಎರಡು ಸಲವೂ ವಾಪಸು ಬಂದ. ಟೀಚರಮ್ಮ ಕಾರಿನೊಳಗೆ ಕೂತು, ಮಡಿಲಲ್ಲಿ ಕೈ ಕಟ್ಟಿಕೊಂಡು, ಗಾಜಿನೊಳಗಿಂದ ನೋಡುತ್ತಿದ್ದರು.

ನಾಲ್ಕು ಗಂಟೆ ಸುಮಾರಿಗೆ ಒಬ್ಬ ಮುದುಕರು ಏಪ್ರನ್ ನೋಡಿ ಅವನನ್ನು ನಮ್ಮ ಕೆಲಸದವನೆಂದುಕೊಂಡರು.

"ತಮ್ಮಾ, ಈ ಗಿಡ ಸ್ವಲ್ಪ ನೆಟ್ಟಗೆ ಹಿಡ್ಕೋ. ದೂರದಿಂದ ಹೇಗೆ ಕಾಣುತ್ತೆ ನೋಡ್ತೀನಿ."

ನಾನು ಓಡಿ ಹೋಗಿ ಬಿಡಿಸಬೇಕೆನ್ನುವಷ್ಟರಲ್ಲಿ ಅವನು ಗಿಡ ಹಿಡಿದುಕೊಂಡಿದ್ದ. ಮುಖ ಮಾತ್ರ ಕೊಂಬೆಗಳ ಹಿಂದಿತ್ತು. ಮುದುಕರು ಹಿಂದೆ ಹಿಂದೆ ಹೋಗಿ, ತಲೆ ಓರೆ ಮಾಡಿ, "ಎಡಕ್ಕೆ ತಿರುಗಿಸು... ಹಾಂ, ಇನ್ನೂ ಸ್ವಲ್ಪ..." ಎಂದರು. ಅವನು ತಿರುಗಿಸಿದ.

"ಈ ಬದಿ ಬೋಳಾಗಿದೆ. ಇದನ್ನ ಗೋಡೆ ಕಡೆ ಇಡಿ" ಎಂದ.

"ಅದೇ ನಾನೂ ಅಂದ್ಕೊಂಡೆ" ಎಂದರು ಮುದುಕರು. ಅವರು ಹಾಗೆ ಅಂದುಕೊಂಡಿರಲಿಲ್ಲ, ಮುಖದಲ್ಲೇ ಗೊತ್ತಾಗುತ್ತಿತ್ತು.

ಕಾರಿನ ಕಡೆ ನೋಡಿದೆ. ಟೀಚರಮ್ಮ ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದರು.

ಐದಕ್ಕೆ ನನ್ನ ಫೋನು ಹೊಡೆದುಕೊಂಡಿತು. ಕನ್ನಡಕದ ಅಂಗಡಿಯ ಯಜಮಾನರು.

"ಒಂಬತ್ತು ಸಲ ಮಾಡಿದೀರಲ್ಲಮ್ಮ, ಏನಾಯ್ತು? ಕಡ್ಡಿನಾ? ಇರಿ... ಹೌದು, ಇದೆ. ಕೆಳಗಡೆ, ಐಸ್‌ಕ್ರೀಮ್ ಕಡ್ಡಿ, ಅರ್ಧ ಒಳಗೇ ಹೋಗಿದೆ. ನೀಲಿ ದಾರ. ನಾವು ಯಾವುದೋ ಮಗು ಸಿಕ್ಕಿಸಿದ್ದು ಅಂದ್ಕೊಂಡಿದ್ವಿ. ನಮ್ಮದಲ್ವಾ ಇದು? ಬೇಕಾದ್ರೆ ಈಗಲೇ ತಂದುಕೊಡ್ತೀನಿ."

ಕೆಂಪೆಲೆ ಗಿಡಗಳ ಮೇಜಿಗೆ ಒರಗಿದೆ. ಎರಡು ದಿನದ ಭಾರ ಒಂದೇ ಸಲ ಇಳಿಯಿತು, ಅಳುವೂ ನಗುವೂ ಒಟ್ಟಿಗೆ ಬಂತು. ಅವರನ್ನು ಒಂದು ನಿಮಿಷ ಇರಿ ಎಂದು ಹೇಳಿ ಕಾರಿನ ಬಳಿ ಓಡಿದೆ. ಟೀಚರಮ್ಮ ಗಾಜು ಇಳಿಸಿದರು.

"ಸಿಕ್ತು ಟೀಚರಮ್ಮ! ಅವರ ಮನೇಲೇ ಇದೆ. ಈಗಲೇ ತಂದುಕೊಡ್ತಾರಂತೆ. ತಡೀರಿ, ಅವನಿಗೆ ಹೇಳ್ತೀನಿ."

ತಿರುಗುವಷ್ಟರಲ್ಲಿ ಕಿಟಕಿಯಿಂದ ಕೈ ಬಂದು ನನ್ನ ಮುಂಗೈಯನ್ನು ಹಿಡಿಯಿತು. ಬಳೆ ಒತ್ತುವಷ್ಟು ಗಟ್ಟಿಯಾಗಿ.

"ಹೇಳ್ಬೇಡ."

ನನಗೆ ಅರ್ಥವಾಗಲಿಲ್ಲ. ಅವರು ನನ್ನನ್ನು ನೋಡುತ್ತಿರಲಿಲ್ಲ, ಸಾಲಿನ ಕಡೆಯೇ ನೋಡುತ್ತಿದ್ದರು. ಅಲ್ಲಿ ಅವನು ಹೊಸ ಜೋಡಿಯ ಗಿಡವನ್ನು ಅವರ ಗಾಡಿಗೆ ಎತ್ತಿಡಲು ಒಂದು ಕೈ ಕೊಡುತ್ತಿದ್ದ.

"ಅವನು ಬಿಸಿಲಲ್ಲಿ ನಿಂತಿದ್ದು ನೋಡಿ ಎರಡು ವರ್ಷ ಆಯ್ತಮ್ಮ. ಎರಡೂವರೆ ಗಂಟೆಯಿಂದ ಹೊರಗಿದಾನೆ. ಗಿಡ ಸಿಕ್ತು ಅಂದ್ರೆ ಕಾರು ಹತ್ತಿ ಮನೆಗೆ ಬಂದು ಬಾಗಿಲು ಹಾಕ್ಕೊಳ್ತಾನೆ. ನನಗೆ ಗೊತ್ತು. ಇನ್ನೊಂದು ಸ್ವಲ್ಪ ಹುಡುಕಲಿ. ನಿನಗೆ ಕೈ ಮುಗೀತೀನಿ."

ಫೋನಿನಲ್ಲಿ ಯಜಮಾನರು ಹಲೋ ಹಲೋ ಎನ್ನುತ್ತಿದ್ದರು. "ನಾಳೆ ನಾನೇ ಬಂದು ಬದಲಾಯಿಸಿಕೊಳ್ತೀನಿ, ಅಲ್ಲೀವರೆಗೂ ಅದಕ್ಕೆ ನೀರು ಹಾಕಿ" ಎಂದು ಹೇಳಿ ಇಟ್ಟೆ.

ತಲೆಯೆತ್ತಿದರೆ ಅವನು ಎದುರಿಗೇ ಬರುತ್ತಿದ್ದ. ಕೂದಲ ತುಂಬ ಸೂಜಿಯೆಲೆಗಳು, ಹಣೆಯ ಮೇಲೆ ಬೆವರು, ಬಿಳಿಚಿದ್ದ ಕೆನ್ನೆಗೆ ಸ್ವಲ್ಪ ಕೆಂಪು ಬಂದಿತ್ತು.

"ಬಿಲ್ಲೆ ಅಕ್ಕ, ಫೋನ್ ಯಾರದು?"

ಇನ್ನೆಂದೂ ಇವನಿಗೆ ಸುಳ್ಳು ಹೇಳುವುದಿಲ್ಲ ಎಂದು ಅಂದುಕೊಂಡು ಮೂರು ಗಂಟೆಯೂ ಆಗಿರಲಿಲ್ಲ.

"ಕನ್ನಡಕದವರು. ಕಣ್ಣು ಪರೀಕ್ಷೆಗೆ ಬನ್ನಿ ಅಂದ್ರು."

ಅವನ ತುಟಿಯ ಒಂದು ತುದಿ ಅಲುಗಿತು. ನಗುವೋ ಅಲ್ಲವೋ ಹೇಳಲಾರೆ. "ಸಾಲುಗಳೆಲ್ಲ ಮುಗೀತು" ಎಂದ. "ಶೆಡ್ ಹಿಂದೆ ಏನಿದೆ?"

ಶೆಡ್ಡಿನ ಹಿಂದೆ ರೋಗ ಬಂದ ಗಿಡಗಳು, ಸೊಟ್ಟ ಬೆಳೆದವು, ಮುರಿದವು. ಯಾರನ್ನೂ ಅಲ್ಲಿಗೆ ಬಿಡುವುದಿಲ್ಲ. ಬಿಲ್ಲೆ ಕಟ್ಟಿದ ಗಿಡ ಅಲ್ಲಿಗೆ ಯಾವತ್ತೂ ಹೋಗಿಲ್ಲ.

"ಅಲ್ಲೂ ಅರವತ್ತಿವೆ" ಎಂದೆ. "ಎಲ್ಲಾ ಕಾಯಿಲೆಯವು. ನಿಧಾನಕ್ಕೆ ನೋಡು, ನನ್ನ ಹಾಗೆ ಅವಸರ ಮಾಡ್ಬೇಡ. ಇವತ್ತು ಮುಗೀದಿದ್ರೆ ನಾಳೆ ಬಾ."

ಅವನು ಯೋಚಿಸಿದ. ಟೀಚರಮ್ಮನ ಕೈ ಇನ್ನೂ ನನ್ನ ಮುಂಗೈ ಮೇಲೇ ಇತ್ತು.

"ನಾಳೆ ಎಷ್ಟಕ್ಕೆ ತೆಗೀತೀರ?" ಎಂದು ಕೇಳಿದ.

"ಎಂಟಕ್ಕೆ."

ಸರಿ ಎನ್ನುವಂತೆ ತಲೆಯಾಡಿಸಿ, ಕೈಗವಸು ಎಳೆದುಕೊಂಡು ಶೆಡ್ಡಿನ ಹಿಂದಕ್ಕೆ ನಡೆದ. ಅಣ್ಣ ಬೀಗ ಹಿಡಿದು ಗೇಟಿನ ಕಡೆ ಹೊರಟಿದ್ದ, ಮುಚ್ಚುವ ಹೊತ್ತಾಗಿತ್ತು. ನಾನು ಹೋಗಿ ಆ ಬೀಗ ಕಿತ್ತುಕೊಂಡು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ.